ಗೇರಿಗೆ ಹಾಕಿದಾಗ ಗಾಡಿ ಏಕೆ ಒದೆಯುತ್ತದೆ?

ಸ್ವಯಂಚಾಲಿತ ಗೇರಿನ ಗಾಡಿಯೊಂದನ್ನು ಕೊಂಡು ನಾಲ್ಕೈದು ವರ್ಷ ಓಡಿಸಿದ ಮೇಲೆ ಒಂದು ಬೆಳಿಗ್ಗೆ ಹೀಗಾಗುತ್ತದೆ. ಎಂಜಿನ್ನು ಹತ್ತಿತು, ಬ್ರೇಕು ತುಳಿದು ಗೇರಿನ ಹಿಡಿಯನ್ನು ‘ಪಿ’ಯಿಂದ ‘ಡಿ’ಗೆ ಎಳೆದಿರಿ, ಅರೆಗಳಿಗೆ ಏನೂ ಇಲ್ಲ, ಆಮೇಲೆ ಹಿಂದಿನಿಂದ ಯಾರೋ ಗುದ್ದಿದರೋ ಎನ್ನುವಂತೆ ‘ದಡ್’ ಎಂದು ಒಂದು ಒದೆ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮರುದಿನ ಮತ್ತೆ ಅದೇ. ಮೂರನೆಯ ದಿನ ಗಾಡಿಯನ್ನು ಮೇಸ್ತ್ರಿಯ ಬಳಿಗೆ ಒಯ್ಯುತ್ತೀರಿ. ಅವರು ಒಂದು ಸುತ್ತು ಓಡಿಸಿ ಬಂದು, ಕೈ ಒರೆಸಿಕೊಳ್ಳುತ್ತ, “ಗೇರ್ ಬಾಕ್ಸ್ ಹೋಗೈತೆ ಸಾರ್, ಇಳಿಸ್ಬೇಕು” ಎನ್ನುತ್ತಾರೆ.

ಆ ಮಾತು ನಿಜವೂ ಆಗಿರಬಹುದು. ಆದರೆ ಅದು ಬಹಳ ದುಬಾರಿಯಾದ ಮಾತು. ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವುದು ಎಲ್ಲ ಊರಿನ ಷೆಡ್ಡಿನಲ್ಲಿಯೂ ಆಗತಕ್ಕ ಕೆಲಸವಲ್ಲ. ಮಂಡ್ಯದವರಾದರೂ ಮದ್ದೂರಿನವರಾದರೂ ಮೈಸೂರಿಗೋ ಬೆಂಗಳೂರಿಗೋ ಗಾಡಿಯನ್ನು ಕಳುಹಿಸಬೇಕಾಗಿ ಬಂದೀತು. ಖರ್ಚು ಹತ್ತಾರು ಸಾವಿರ ರೂಪಾಯಿ. ಗಾಡಿ ನಿಲ್ಲುವುದು ವಾರಗಟ್ಟಲೆ. ಸ್ವಂತಕ್ಕೆ ಇಟ್ಟುಕೊಂಡವರು ಹೇಗೋ ಸೈರಿಸಿಯಾರು. ಬ್ಯಾಂಕಿನ ಸಾಲದಲ್ಲಿ ಗಾಡಿ ಕೊಂಡು, ಶಾಲೆಯ ಮಕ್ಕಳನ್ನೋ ಮದುವೆ ದಿಬ್ಬಣವನ್ನೋ ಕರೆದೊಯ್ದು ಸಂಸಾರ ನಡೆಸುವವರ ಪಾಡೇನು? ಇದೇ ಒದೆತಕ್ಕೆ ಒಂದು ರಬ್ಬರಿನ ತುಂಡು, ಅಥವಾ ಅರ್ಧ ಲೀಟರು ಕಡಮೆಯಾದ ಎಣ್ಣೆ ಕಾರಣವಾಗಿರುವುದೂ ಉಂಟು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮೊದಲು ಏನೇನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದೇ ಇಲ್ಲಿನ ವಿಷಯ.

ನಮ್ಮ ಕಡೆ ‘ವ್ಯಾನು’ ಎಂದರೆ ಬಹುಕಾಲ ಒಂದೇ ಗಾಡಿ ಕಣ್ಣ ಮುಂದೆ ಬರುತ್ತಿತ್ತು. ೧೯೮೪ರಲ್ಲಿ ಮಾರುತಿ ವ್ಯಾನೆಂದು ಬಂದು, ಓಮ್ನಿ ಎಂಬ ಹೆಸರು ಪಡೆದು, ೨೦೧೯ರಲ್ಲಿ ತಯಾರಿಕೆ ನಿಂತ ಆ ಪೆಟ್ಟಿಗೆಯಂಥ ಗಾಡಿಯನ್ನು ಅರಿಯದವರಿಲ್ಲ. ಅದಕ್ಕಿದ್ದದ್ದು ೭೯೬ ಸಿ. ಸಿ. ಎಂಜಿನ್ನು, ನಾಲ್ಕು ಗೇರು. ಹಾಕುವುದೆಲ್ಲ ಕೈಯಿಂದ, ಕ್ಲಚ್ಚು ಕಾಲಿನಿಂದ. ೨೦೧೦ರಲ್ಲಿ ಬಂದ ಈಕೋ ಗಾಡಿಯಲ್ಲಿಯೂ, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಸಾಲುಗಟ್ಟುವ ಪುಟ್ಟ ಸರಕು ಗಾಡಿಗಳಲ್ಲಿಯೂ ಕ್ರಮ ಇದೇ. ಸ್ವಯಂಚಾಲಿತ ಗೇರು ನಮ್ಮ ಸಾಮಾನ್ಯ ಸಂಸಾರಗಳ ಮನೆಬಾಗಿಲಿಗೆ ಬಂದದ್ದು ಈಚೆಗೆ. ಏಳು ಸೀಟಿನ ಎರ್ಟಿಗಾ, ಟ್ರೈಬರ್ ಮುಂತಾದ ವ್ಯಾನಿನಂಥ ಗಾಡಿಗಳ ಮೂಲಕ. ಇವೆರಡೂ ‘ಆಟೋಮ್ಯಾಟಿಕ್’ ಎಂದೇ ಕರೆಯಿಸಿಕೊಂಡರೂ ಒಳಗಿನ ಏರ್ಪಾಡು ಬೇರೆ ಬೇರೆ. ಎರ್ಟಿಗಾದಲ್ಲಿರುವುದು ಎಣ್ಣೆಯ ಬಲದಿಂದ ನಡೆಯುವ ಪೂರ್ಣ ಸ್ವಯಂಚಾಲಿತ ಪೆಟ್ಟಿಗೆ. ಟ್ರೈಬರಿನಲ್ಲಿರುವುದು ಹಳೆಯ ಕ್ಲಚ್ಚು, ಹಳೆಯ ಗೇರುಗಳೇ. ಅವನ್ನು ನಿಮ್ಮ ಕೈಕಾಲಿಗೆ ಬದಲು ಒಂದು ಯಂತ್ರ ಆಡಿಸುತ್ತದೆ. ೨೦೧೪ರಲ್ಲಿ ಸೆಲೆರಿಯೋ ಕಾರಿನೊಡನೆ ನಮ್ಮ ದೇಶದಲ್ಲಿ ಹೆಸರಾದ ಈ ಎರಡನೆಯ ಬಗೆಗೆ ಎ. ಎಂ. ಟಿ. ಎಂದು ಹೆಸರು. ನಿಮ್ಮ ಗಾಡಿ ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ. ಇದು ತಿಳಿಯದೆ ನಡೆಸಿದ ಪರೀಕ್ಷೆಯೆಲ್ಲ ಕತ್ತಲಲ್ಲಿ ತಡಕಾಡಿದಂತೆ.

ಮೊದಲನೆಯ ಬಗೆಯನ್ನು ಅರಿಯಬೇಕಾದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೆನೆದರೆ ಸಾಕು. ಅಲ್ಲಿ ೧೯೦೨ರಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ್ದು ಹೇಗೆ? ಮೇಲಿಂದ ಬರುವ ಕಾವೇರಿಯ ನೀರು ಟರ್ಬೈನಿನ ಚಕ್ರಕ್ಕೆ ಬಡಿದು ಅದನ್ನು ತಿರುಗಿಸಿತು. ನೀರಿಗೂ ಚಕ್ರಕ್ಕೂ ಗಂಟು ಹಾಕಿದವರಿಲ್ಲ. ಬಡಿತದಿಂದಲೇ ಬಲ ದಾಟಿತು. ನಿಮ್ಮ ಗಾಡಿಯಲ್ಲಿ ನೀರಿನ ಬದಲು ಎಣ್ಣೆ. ಎಂಜಿನ್ನಿಗೆ ಜೋಡಿಸಿದ ಒಂದು ರೆಕ್ಕೆಯ ಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ; ಎದುರಿಗಿರುವ ಇನ್ನೊಂದು ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ; ನಡುವಣ ಮೂರನೆಯ ಪುಟ್ಟ ಚಕ್ರ ಹಿಂದಿರುಗುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಬಲವನ್ನು ಹೆಚ್ಚಿಸುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎನ್ನುತ್ತಾರೆ. ೧೯೦೫ರಲ್ಲಿ ಜರ್ಮನಿಯ ಹರ್ಮನ್ ಫೋಟಿಂಗರ್ ಇದನ್ನು ಕಂಡುಹಿಡಿದದ್ದು ಹಡಗುಗಳಿಗಾಗಿ. ಕಾರಿಗೆ ಅದು ಇಳಿದದ್ದು ಆಮೇಲೆ. ಗಾಡಿ ನಿಂತಿದ್ದರೂ ಎಂಜಿನ್ನು ನಿಲ್ಲದೆ ನಡೆಯುವುದು ಇದರ ದಯೆಯಿಂದಲೇ.

ಇದರ ಹಿಂದೆ ಗೇರುಗಳು. ಅವುಗಳ ನಡುವೆ ಒತ್ತಾಗಿ ಜೋಡಿಸಿದ ತೆಳುವಾದ ಕ್ಲಚ್ಚಿನ ಬಿಲ್ಲೆಗಳಿವೆ. ನೀವು ‘ಡಿ’ಗೆ ಎಳೆದಾಗ ಒಂದು ಪಂಪಿನ ಎಣ್ಣೆ ಒತ್ತಡದಿಂದ ನುಗ್ಗಿ, ಒಂದು ಕಟ್ಟು ಬಿಲ್ಲೆಗಳನ್ನು ಅದುಮಿ ಹಿಡಿಯುತ್ತದೆ. ಆಗಲೇ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕುದುರುವುದು. ಎಣ್ಣೆ ಹದವಾಗಿ ಬಂದರೆ ಸಂಬಂಧ ಮೆಲ್ಲಗೆ ಕುದುರುತ್ತದೆ. ತಡವಾಗಿ ಬಂದು ಒಮ್ಮೆಲೇ ನುಗ್ಗಿದರೆ, ಇಲ್ಲವೆ ಎಂಜಿನ್ನು ಆ ಹೊತ್ತಿಗೆ ಅತಿವೇಗವಾಗಿ ತಿರುಗುತ್ತಿದ್ದರೆ ಒದೆ ಬೀಳುತ್ತದೆ. ಸಂಬಂಧ ಮೆಲ್ಲಗೇ ಕುದುರಿದರೂ, ಆಚೆಯ ಕೀಲುಗಳಲ್ಲಿ ಸಡಿಲಿದ್ದರೆ ಸದ್ದು ಅಲ್ಲಿ ಹುಟ್ಟುತ್ತದೆ. ಆದರೆ ಕಿವಿಗೆ ಅದು ಗೇರುಪೆಟ್ಟಿಗೆಯ ಸದ್ದಾಗಿಯೇ ಕೇಳಿಸುತ್ತದೆ. ಮೇಸ್ತ್ರಿಗಳು ಮೋಸಹೋಗುವುದು ಬಹುಮಟ್ಟಿಗೆ ಈ ಕಡೆಯ ವಿಷಯದಲ್ಲಿ.

ಆದುದರಿಂದ ಷೆಡ್ಡಿಗೆ ಹೋಗುವ ಮುನ್ನ ಒಂದು ವಾರ ನೀವೇ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒದೆ ಬೀಳುವುದು ಯಾವಾಗ? ಮುಂಜಾನೆ ಮೊದಲ ಸಲ ಹತ್ತಿಸಿದಾಗಲೋ, ಅಥವಾ ಮದ್ದೂರಿನಲ್ಲಿ ವಡೆಗೆಂದು ನಿಂತು, ಎಂಜಿನ್ನು ಕಾದಿರುವಾಗ ಮತ್ತೆ ಹೊರಟಾಗಲೋ? ‘ಡಿ’ಗೆ ಹಾಕಿದಾಗ ಮಾತ್ರವೋ, ಹಿಂದಕ್ಕೆ ಹೋಗುವ ‘ಆರ್’ಗೆ ಹಾಕಿದಾಗ ಮಾತ್ರವೋ, ಎರಡಕ್ಕೂ ಹೌದೋ? ಹಾಕಿದ ತಕ್ಷಣ ಬೀಳುತ್ತದೆಯೋ, ತಡೆದು ಬೀಳುತ್ತದೆಯೋ? ಎಂಜಿನ್ನು ಕಾದ ಮೇಲೆ ‘ಎನ್’ನಿಂದ ‘ಡಿ’ಗೆ ಹಾಕಿ ಮನಸ್ಸಿನಲ್ಲೇ ಎಣಿಸಿ, ಗಾಡಿ ಗೇರಿಗೆ ಬಿದ್ದದ್ದು ಒಂದೂವರೆ ಸೆಕೆಂಡಿನೊಳಗೆ ನಿಮ್ಮ ಅನುಭವಕ್ಕೆ ಬರಬೇಕು. ಎರಡು ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ಒದ್ದರೆ ಎಣ್ಣೆಯ ಒತ್ತಡ ತಡವಾಗಿ ಏರುತ್ತಿದೆ ಎಂದರ್ಥ. ತಡವಿಲ್ಲದೆ ಆಗಲೇ ಒದ್ದರೆ ಮೊದಲು ಗುಮಾನಿಪಡಬೇಕಾದ್ದು ಎಂಜಿನ್ನಿನ ವೇಗವನ್ನು, ರಬ್ಬರನ್ನು, ಕೀಲುಗಳನ್ನು.

ಚಳಿಯ ಬೆಳಿಗ್ಗೆ ಎಂಜಿನ್ನು ತನ್ನನ್ನು ಬೆಚ್ಚಗೆ ಮಾಡಿಕೊಳ್ಳಲು ಬೇಕೆಂದೇ ವೇಗವಾಗಿ ತಿರುಗುತ್ತದೆ. ನಿಮಿಷಕ್ಕೆ ೧೨೦೦, ೧೫೦೦ ಸುತ್ತು. ಬೆಚ್ಚಗಾದ ಮೇಲೆ ೭೦೦, ೮೦೦ಕ್ಕೆ ಇಳಿಯುತ್ತದೆ. ಮೊದಲನೆಯ ವೇಗದಲ್ಲೇ ಗೇರಿಗೆ ಹಾಕಿದರೆ ಎಂಥ ಹೊಸ ಗಾಡಿಯೂ ಕೊಂಚ ಒದೆಯುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಕಾದು, ಮುಳ್ಳು ಕೆಳಗಿಳಿದ ಮೇಲೆ ಹಾಕಿ ನೋಡಿ. ಒದೆ ಮಾಯವಾದರೆ ರೋಗವೇ ಇಲ್ಲ. ಕಾದ ಎಂಜಿನ್ನಿನಲ್ಲಿಯೂ ಮುಳ್ಳು ಸಾವಿರದ ಮೇಲೇ ನಿಂತಿದ್ದರೆ ಗಾಳಿ ಒಳಹೋಗುವ ದಾರಿಯಲ್ಲಿ ಕೊಳೆ ಕಟ್ಟಿರಬಹುದು, ಎಲ್ಲಾದರೂ ರಬ್ಬರಿನ ಕೊಳವೆ ಬಿರಿದು ಹೆಚ್ಚಿಗೆ ಗಾಳಿ ನುಗ್ಗುತ್ತಿರಬಹುದು. ಅದನ್ನು ಸರಿಪಡಿಸುವವರು ಎಂಜಿನ್ನಿನ ಮೇಸ್ತ್ರಿಗಳು. ಗೇರುಪೆಟ್ಟಿಗೆಯ ಸುದ್ದಿಗೇ ಹೋಗಬೇಕಾಗಿಲ್ಲ.

ಇನ್ನು ರಬ್ಬರಿನ ಮಾತು. ಎಂಜಿನ್ನೂ ಗೇರುಪೆಟ್ಟಿಗೆಯೂ ಗಾಡಿಯ ಮೈಗೆ ನೇರವಾಗಿ ಅಂಟಿಕೊಂಡಿಲ್ಲ. ಮೂರು ನಾಲ್ಕು ರಬ್ಬರಿನ ಮೌಂಟಿಂಗುಗಳ ಮೇಲೆ ಕುಳಿತಿವೆ. ವರ್ಷಗಳು ಕಳೆದಂತೆ ಬಿಸಿಗೆ, ಎಣ್ಣೆಗೆ, ಹಂಪುಗಳ ಕುಕ್ಕುವಿಕೆಗೆ ರಬ್ಬರು ಬಿರಿಯುತ್ತದೆ. ಆಗ ಗೇರಿಗೆ ಬಿದ್ದ ಕ್ಷಣ ಇಡೀ ಎಂಜಿನ್ನು ಒರಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಇದನ್ನು ನೋಡುವ ಬಗೆ ಸುಲಭ, ಆದರೆ ಎಚ್ಚರ ಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲುಬ್ರೇಕನ್ನು ಬಲವಾಗಿ ತುಳಿದು, ಬಾನೆಟ್ಟು ತೆರೆದಿರುವಂತೆ ಒಬ್ಬರು ‘ಡಿ’ಗೂ ‘ಆರ್’ಗೂ ಬದಲಾಯಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ನು ಎಷ್ಟು ಹೊರಳುತ್ತದೆಂದು ನೋಡಲಿ. ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಕೂಡದು, ಮಕ್ಕಳನ್ನಂತೂ ಒಳಗೆ ಕಳುಹಿಸಿಬಿಡಿ. ಕೊಂಚ ಅಲುಗುವುದು ಸಹಜ. ಎಂಜಿನ್ನು ಎದ್ದು ಬಿದ್ದಂತೆ ಕಂಡರೆ ನಿಮ್ಮ ಕಳ್ಳ ಸಿಕ್ಕಿದ. ಮೌಂಟಿಂಗು ಬದಲಾಯಿಸುವುದು ಸಾಮಾನ್ಯವಾಗಿ ಒಂದು ದಿನದೊಳಗಿನ ಕೆಲಸ.

ಹಿಂದಿನ ಚಕ್ರಗಳು ಎಳೆಯುವ ಗಾಡಿಯಾದರೆ ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸಲಿನವರೆಗೆ ಉದ್ದವಾದ ಪ್ರೊಪೆಲ್ಲರ್ ಷಾಫ್ಟು ಇರುತ್ತದೆ. ಅದರ ಯೂನಿವರ್ಸಲ್ ಜಾಯಿಂಟು, ಮೇಸ್ತ್ರಿಗಳ ಮಾತಿನಲ್ಲಿ ‘ಕ್ರಾಸು’, ಸವೆದಿದ್ದರೆ ಗೇರಿಗೆ ಬಿದ್ದಾಗಲೂ ಆಕ್ಸಿಲರೇಟರು ತುಳಿದು ಬಿಟ್ಟಾಗಲೂ ‘ಟಣ್’ ಎನ್ನುತ್ತದೆ. ಒದೆತದ ಸದ್ದು ಮಂದವಾಗಿ ‘ದಡ್’ ಎಂದರೆ ರಬ್ಬರು, ಕಂಚಿನ ತಟ್ಟೆ ಬಡಿದಂತೆ ಚುರುಕಾಗಿದ್ದರೆ ಕ್ರಾಸು. ಇದು ಶಾಸ್ತ್ರವಾಕ್ಯವಲ್ಲ; ಆದರೆ ಹತ್ತಕ್ಕೆ ಏಳೆಂಟು ಸಲ ಕಿವಿಯ ಸಾಕ್ಷಿ ಸರಿಯಾಗಿರುತ್ತದೆ. ಓಮ್ನಿ, ಈಕೋಗಳೂ ಹಿಂದಿನ ಚಕ್ರದ ಗಾಡಿಗಳೇ ಆದ್ದರಿಂದ ಈ ಮಾತು ಅವುಗಳ ಯಜಮಾನರಿಗೂ ಸಲ್ಲುತ್ತದೆ. ಅವರಿಗೆ ಇನ್ನೆರಡು ಮಾತು ಸಾಕು. ಹೊರಡುವಾಗ ಗಾಡಿ ಅದುರಿದರೆ ಕ್ಲಚ್ಚಿನ ಬಿಲ್ಲೆಗೆ ಎಣ್ಣೆ ಸೋರಿರಬಹುದು, ಕೇಬಲ್ಲಿನ ಹದ ತಪ್ಪಿರಬಹುದು. ರಿವರ್ಸಿಗೆ ಹಾಕಿದಾಗ ‘ಕರ್ರ್’ ಎಂದರೆ, ಕ್ಲಚ್ಚು ತುಳಿದು ಎರಡು ಸೆಕೆಂಡು ತಡೆದು ಹಾಕಿ ನೋಡಿ.

ಗೇರುಪೆಟ್ಟಿಗೆಗೆ ವಿನಾಕಾರಣ ಕೆಟ್ಟ ಹೆಸರು ತರುವ ಅಭ್ಯಾಸವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆಯದೆ, ಬರಿಯ ‘ಪಿ’ಗೆ ಹಾಕಿ ಇಳಿದುಹೋಗುತ್ತಾರೆ. ಗಗನಚುಕ್ಕಿ ನೋಡಲು ಹೋದವರು ಇಳುಕಲಿನಲ್ಲಿ ಹೀಗೆ ಮಾಡಿದರೆ ಗಾಡಿಯ ಭಾರವೆಲ್ಲ ಒಳಗಿನ ಒಂದು ಪುಟ್ಟ ಕೊಕ್ಕೆಯ ಮೇಲೆ ಬೀಳುತ್ತದೆ. ಹಿಂದಿರುಗಿ ಬಂದು ‘ಪಿ’ಯಿಂದ ತೆಗೆದಾಗ ಆ ಕೊಕ್ಕೆ ಗುಂಡು ಹಾರಿಸಿದಂತೆ ಬಿಡಿಸಿಕೊಳ್ಳುತ್ತದೆ. ಮೊದಲು ಕಾಲುಬ್ರೇಕು, ಅನಂತರ ಹ್ಯಾಂಡ್ ಬ್ರೇಕು, ಕಡೆಗೆ ‘ಪಿ’: ಈ ಕ್ರಮದಲ್ಲಿ ನಿಲ್ಲಿಸಿ ನೋಡಿ.

ಇವೆಲ್ಲ ಸರಿಯಿದ್ದು ಒದೆ ನಿಲ್ಲದಿದ್ದರೆ ಈಗ ಎಣ್ಣೆಯನ್ನು ಕೇಳಬೇಕು. ಸ್ವಯಂಚಾಲಿತ ಪೆಟ್ಟಿಗೆಯ ಎಣ್ಣೆ ಬರಿಯ ಜಾರುವಿಕೆಗಲ್ಲ. ಬಲವನ್ನು ದಾಟಿಸುವುದೂ ಅದೇ, ಬಿಲ್ಲೆಗಳನ್ನು ಅದುಮುವುದೂ ಅದೇ, ಒಳಗಿನ ಬಿಸಿಯನ್ನು ಹೊರಗೆ ತರುವುದೂ ಅದೇ. ಅದು ಕಡಮೆಯಾದರೆ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಹೀರುತ್ತದೆ, ಒತ್ತಡ ತಡವಾಗುತ್ತದೆ. ಹೆಚ್ಚಾದರೂ ನೊರೆಯೆದ್ದು ಅದೇ ಕಷ್ಟ. ಅಳೆಯುವ ಕಡ್ಡಿ ಇರುವ ಗಾಡಿಯಾದರೆ, ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಹೇಳಿರುವ ಕ್ರಮದಲ್ಲೇ ನೋಡಿ. ಬಹಳ ಗಾಡಿಗಳಲ್ಲಿ ಎಂಜಿನ್ನು ನಡೆಯುತ್ತಿರುವಾಗ, ಎಣ್ಣೆ ಕಾದಿರುವಾಗ ನೋಡಬೇಕು. ಕೆಲವದರಲ್ಲಿ ನಿಲ್ಲಿಸಿ ನೋಡಬೇಕು. ಈಚಿನ ಎಷ್ಟೋ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಗಾಡಿಯನ್ನು ಎತ್ತಿ, ಎಣ್ಣೆ ಇಂತಿಷ್ಟು ಬಿಸಿಯಾದಾಗ ತಳದ ಒಂದು ತಿರುಪನ್ನು ಬಿಚ್ಚಿ ನೋಡಬೇಕಾಗುತ್ತದೆ. ಅದು ಷೆಡ್ಡಿನ ಕೆಲಸ.

ಒಂದು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಟ್ಟು ನೋಡಿ. ಕೆಂಪು ಬಗೆಯ ಎಣ್ಣೆ ಹೊಸದಾಗಿ ದಾಸವಾಳದ ಬಣ್ಣಕ್ಕಿರುತ್ತದೆ. ಕಾಲಕ್ರಮದಲ್ಲಿ ಕೊಂಚ ಕಂದುವುದು ಸಹಜ. ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿ, ಮೂಗಿಗೆ ಹಿಡಿದರೆ ಸೀದ ವಾಸನೆ ಬಂದರೆ ಬಿಲ್ಲೆಗಳು ಸುಟ್ಟಿವೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಒಳಗೆ ನೀರು ಸೇರಿದೆ. ರೇಡಿಯೇಟರಿನಿಂದ ಸೋರಿ ಬಂದಿರಬಹುದು, ಅಥವಾ ಗಾಡಿ ನೀರಿನಲ್ಲಿ ಇಳಿದಿರಬಹುದು. ೨೦೨೨ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ಗಾಡಿಗಳು ಮುಳುಗಿದ್ದು ನೆನಪಿರಬಹುದು. ಗೇರುಪೆಟ್ಟಿಗೆಗೂ ಉಸಿರಾಡಲು ಒಂದು ಸಣ್ಣ ರಂಧ್ರವಿದೆ. ನೀರು ಅದರೊಳಗೂ ಹೋಗುತ್ತದೆ. ಇಂಥ ಗಾಡಿಯನ್ನು ಓಡಿಸಕೂಡದು.

ಎಣ್ಣೆ ಬದಲಾಯಿಸುವಾಗ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿಸಿ. ಎಲ್ಲವೂ ಒಂದೇ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಎಣ್ಣೆಗೆ ಬೆರೆಸಿದರೆ ಗೇರು ಬೆಣ್ಣೆಯಾಗುತ್ತದೆಂದು ಡಬ್ಬಿಗಳಲ್ಲಿ ಮಾರುವ ಔಷಧಿಗಳಲ್ಲಿ ನನಗಂತೂ ನಂಬಿಕೆಯಿಲ್ಲ. ಎಣ್ಣೆ ಕಡಮೆಯಾಗಿದ್ದರೆ ತುಂಬಿಸಿ ಸುಮ್ಮನಾಗುವಂತೆಯೂ ಇಲ್ಲ. ಅದು ಎಂಜಿನ್ನಿನ ಎಣ್ಣೆಯಂತೆ ಉರಿದುಹೋಗುವ ವಸ್ತುವಲ್ಲ. ಕಡಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಜಾಗ ತಾನಾಗಿ ಗೊತ್ತಾಗುತ್ತದೆ.

ಇಂದಿನ ಪೆಟ್ಟಿಗೆಗಳನ್ನು ಆಳುವುದು ಒಂದು ಪುಟ್ಟ ಗಣಕ. ಯಾವ ಬಿಲ್ಲೆಗೆ ಎಷ್ಟು ಒತ್ತಡ ಬೇಕೆಂಬುದನ್ನು ಅದು ದಿನದಿನದ ಓಡಾಟದಿಂದ ಕಲಿತು ನೆನಪಿಟ್ಟುಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದರೆ ಈ ಪಾಠವೆಲ್ಲ ಅಳಿಸಿಹೋಗಿ, ಕೆಲವು ದಿನ ಗೇರು ಒರಟಾಗಿ ಬೀಳುತ್ತದೆ. ಹೊಸ ಬ್ಯಾಟರಿ ಹಾಕಿಸಿದ ಮರುದಿನವೇ ಒದೆತ ಶುರುವಾಯಿತು ಎನ್ನುವವರು ಮೊದಲು ಇದನ್ನು ಯೋಚಿಸಬೇಕು. ಗಣಕ ತಾನು ಕಂಡ ದೋಷಗಳನ್ನು ಸಂಕೇತಗಳಾಗಿ ಬರೆದಿಡುತ್ತದೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರು ಚುಚ್ಚಿದರೆ ಅವನ್ನು ಓದಬಹುದು. ಪೆಟ್ಟಿಗೆ ಇಳಿಸಬೇಕೆನ್ನುವ ಮೇಸ್ತ್ರಿಯನ್ನು “ಅಣ್ಣ, ಸ್ಕ್ಯಾನರಿನಲ್ಲಿ ಏನು ಬಂತು? ಬರೆದುಕೊಡಿ” ಎಂದು ಕೇಳಲು ಸಂಕೋಚಪಡಬೇಡಿ. ಎಣ್ಣೆಯನ್ನು ದಾರಿ ಹಚ್ಚುವ ಸೊಲೆನಾಯ್ಡ್ ಒಂದೇ ಕೆಟ್ಟಿದ್ದರೆ, ಎಷ್ಟೋ ಗಾಡಿಗಳಲ್ಲಿ ತಳದ ಮುಚ್ಚಳ ಬಿಚ್ಚಿ ಅದನ್ನಷ್ಟೇ ಬದಲಾಯಿಸಲು ಸಾಧ್ಯವಿದೆ.

ಚೀಟಿಯ ಸಾಕ್ಷಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒದೆ ‘ಡಿ’, ‘ಆರ್’ ಎರಡಕ್ಕೂ ಇದ್ದರೆ ಕಾರಣ ಎರಡಕ್ಕೂ ಸಾಮಾನ್ಯವಾದ ಕಡೆಯಲ್ಲಿ ಇರುವುದೇ ಹೆಚ್ಚು: ಎಂಜಿನ್ನಿನ ವೇಗ, ಮೌಂಟಿಂಗು, ಕೀಲು, ಎಣ್ಣೆಯ ಒತ್ತಡ. ಒಂದಕ್ಕೆ ಮಾತ್ರ ಇದ್ದು ಇನ್ನೊಂದು ಬೆಣ್ಣೆಯಂತೆ ಬೀಳುತ್ತಿದ್ದರೆ, ಆ ಒಂದು ಗೇರಿಗೇ ಸೇರಿದ ಬಿಲ್ಲೆಯ ಕಟ್ಟು ಅಥವಾ ಅದರ ಎಣ್ಣೆಯ ದಾರಿ ಕೆಟ್ಟಿರುವ ಸಂಭವ ಹೆಚ್ಚು. ಒದೆತದ ಜೊತೆಗೆ ಎಂಜಿನ್ನು ಕೂಗಿದರೂ ಗಾಡಿ ಮುಂದುವರಿಯದೆ ಜಾರುತ್ತಿದ್ದರೆ, ಎಣ್ಣೆಗೆ ಸೀದ ವಾಸನೆಯೂ ಇದ್ದರೆ, ಆಗ ಮೇಸ್ತ್ರಿಯ ಮಾತು ನಿಜ. ಪೆಟ್ಟಿಗೆ ಇಳಿಸಲೇಬೇಕು, ತಡಮಾಡಿದಷ್ಟೂ ಬಿಲ್ಲು ಬೆಳೆಯುತ್ತದೆ.

ಎ. ಎಂ. ಟಿ. ಗಾಡಿಯವರಿಗೆ ಮೇಲಿನ ಎಣ್ಣೆಯ ಪುರಾಣ ಅನ್ವಯಿಸದು. ಅಲ್ಲಿ ಗೇರು ಬದಲಾಗುವಾಗ ತಲೆ ಕೊಂಚ ತೂಗುವುದು ಅದರ ಹುಟ್ಟುಗುಣ. ಆದರೆ ಹೊರಡುವಾಗ ಅದುರಿ ನೆಗೆಯತೊಡಗಿದರೆ ಕ್ಲಚ್ಚು ಸವೆದಿದೆ, ಇಲ್ಲವೆ ಕ್ಲಚ್ಚು ಹಿಡಿಯುವ ಜಾಗವನ್ನು ಯಂತ್ರ ಮರೆತಿದೆ. ಸ್ಕ್ಯಾನರಿನಿಂದ ಆ ಜಾಗವನ್ನು ಮತ್ತೆ ಕಲಿಸಬಹುದು. ಹೊಸ ಕ್ಲಚ್ಚು ಹಾಕಿದ ಮೇಲೂ ಇದನ್ನು ಮಾಡಬೇಕು, ಮಾಡದೆ ಕಳುಹಿಸಿದರೆ ಹೊಸದೂ ನೆಗೆದೀತು. ಕಬ್ಬು ಅರೆಯುವ ಕಾಲದಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆ. ಎಂ. ದೊಡ್ಡಿಯ ಆಸುಪಾಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಇಂಥ ಗಾಡಿಯ ಕ್ಲಚ್ಚು ಅರೆಬರೆ ಹಿಡಿದು ಕಾಯುತ್ತಲೇ ಇರುತ್ತದೆ. ನಾಲ್ಕಡಿ ಜಾಗ ಸಿಕ್ಕಿತೆಂದು ನಾಲ್ಕಡಿ ಮುಂದೆ ಹೋಗುವ ಆತುರ ಬೇಡ. ಎರಡು ಗಾಡಿಯಷ್ಟು ಜಾಗವಾದ ಮೇಲೆ ಒಮ್ಮೆಲೇ ಹೋಗಿ. ಏರಿನಲ್ಲಿ ಆಕ್ಸಿಲರೇಟರು ತುಳಿದು ಗಾಡಿಯನ್ನು ತೂಗಿ ನಿಲ್ಲಿಸುವುದಂತೂ ಕ್ಲಚ್ಚನ್ನು ಒಲೆಗೆ ಹಾಕಿದಂತೆ. ಬ್ರೇಕು ಇರುವುದು ಅದಕ್ಕಾಗಿಯೇ.

ರಿಪೇರಿಯಾದ ಮೇಲೆ ಪರೀಕ್ಷೆಗೆಂದು ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಗೆ ಹೋಗಿ ಬರುವವರುಂಟು. ಅಲ್ಲಿ ಒಮ್ಮೆ ಮೇಲಿನ ಗೇರಿಗೆ ಬಿದ್ದ ಗಾಡಿ ಅದರಲ್ಲೇ ಓಡುತ್ತಿರುತ್ತದೆ. ಒದೆಯಲು ಅದಕ್ಕೆ ಸಂದರ್ಭವೇ ಇಲ್ಲ. ಪೇಟೆಯ ಬೀದಿಯಲ್ಲಿ, ಹಂಪುಗಳ ನಡುವೆ, ನಿಂತು ಹೊರಟು, ಹಿಂದಕ್ಕೆ ತೆಗೆದು ನೋಡಿ. ಮರುದಿನ ಮುಂಜಾನೆ ಎಂಜಿನ್ನು ತಣ್ಣಗಿರುವಾಗ ಇನ್ನೊಮ್ಮೆ ನೋಡಿ ಆಮೇಲೆ ಹಣ ಚುಕ್ತಾ ಮಾಡಿ.

ದಾರಿಯ ಮಧ್ಯೆ ಗಾಡಿ ಗೇರಿಗೆ ಬೀಳದೆ ನಿಂತೇಹೋದರೆ ಏನು ಮಾಡುವುದು? ಹಳೆಯ ವ್ಯಾನನ್ನು ನಾಲ್ಕು ಜನ ತಳ್ಳಿ ಹತ್ತಿಸುತ್ತಿದ್ದಂತೆ ಟಾರ್ಕ್ ಕನ್ವರ್ಟರಿನ ಗಾಡಿಯನ್ನು ಹತ್ತಿಸಲಾಗುವುದಿಲ್ಲ. ಎಣ್ಣೆಯ ಪಂಪು ತಿರುಗುವುದು ಎಂಜಿನ್ನಿನಿಂದ. ಚಕ್ರ ಎಷ್ಟು ತಿರುಗಿದರೂ ಒತ್ತಡ ಹುಟ್ಟದು. ಇದೇ ಕಾರಣದಿಂದ ಹಗ್ಗ ಕಟ್ಟಿ ಎಳೆಸುವುದೂ ಅಪಾಯ. ಎಂಜಿನ್ನು ನಿಂತಿದ್ದು ಚಕ್ರ ತಿರುಗಿದರೆ ಒಳಗಿನ ಗೇರುಗಳು ಎಣ್ಣೆಯಿಲ್ಲದೆ ಒಣಗಿ ಉಜ್ಜಿ ಹಾಳಾಗುತ್ತವೆ. ಸಣ್ಣ ರೋಗದಿಂದ ನಿಂತ ಗಾಡಿ ದೊಡ್ಡ ರೋಗದೊಡನೆ ಊರು ಸೇರುತ್ತದೆ. ಎಳೆಯುವ ಚಕ್ರಗಳು ನೆಲದಿಂದ ಮೇಲಿರಬೇಕು, ಅಥವಾ ಇಡೀ ಗಾಡಿ ಲಾರಿಯ ಮೇಲೆ ಕೂತು ಹೋಗಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ೧೦೩೩ಕ್ಕೆ ಫೋನು ಮಾಡಿ ಸಹಾಯ ಕೇಳಬಹುದು. ಬಂದವರು ಕೊಕ್ಕೆ ಸಿಕ್ಕಿಸುವುದಕ್ಕೆ ಮುಂಚೆಯೇ ಇದು ಆಟೋಮ್ಯಾಟಿಕ್ ಗಾಡಿ, ಎಳೆಯುವುದು ಮುಂದಿನ ಚಕ್ರವೋ ಹಿಂದಿನದೋ ಎಂಬುದನ್ನು ಅವರಿಗೆ ತಿಳಿಸಿಬಿಡಿ.